ಸ್ಕಾರ್ಫಿನ ಕಚ್ಚಿದ ಮೂಲೆ

ಹೆಫೇಯ್
28 ಸೆಪ್ಟೆಂಬರ್ 2023

ಪ್ರೀತಿಯ ಯೂನ್‌ಶ್ಯು,

ಕಳಿಸಿದವರ ಹೆಸರು ನೋಡಿದ ಕೂಡಲೇ ನೀನು ಇದನ್ನು ಕಸದ ಬುಟ್ಟಿಗೆ ಎಸೆದಿಲ್ಲವಾದರೆ ನಾನು ಅರ್ಧ ಗೆದ್ದಂತೆ.

ನಮ್ಮ ಹಳೆಯ ಶಾಲೆಯಿಂದ ಕರೆ ಬಂದಿದೆ. ಪಕ್ಷದ ಬಾಲದಳದ ಹುಟ್ಟುಹಬ್ಬದ ದಿನ, ಅಕ್ಟೋಬರ್ ಹದಿಮೂರಕ್ಕೆ, ಎರಡನೇ ತರಗತಿಯ ಹೊಸ ಸದಸ್ಯರ ಕೊರಳಿಗೆ ಕೆಂಪು ಸ್ಕಾರ್ಫ್ ಕಟ್ಟಲು ನಾನು ನಮ್ಮೂರು ವೂಹುವಿಗೆ ಬರಬೇಕಂತೆ. ‘ಮೂರು ಗೀಟಿನ ಹಳೆಯ ನಾಯಕಿ, ನಿವೃತ್ತ ಶಿಕ್ಷಣಾಧಿಕಾರಿ’ ಎಂದು ಆಮಂತ್ರಣದಲ್ಲಿ ಅಚ್ಚು ಹಾಕಿಸಿದ್ದಾರೆ. ನನ್ನ ಪಾಲಿನ ಎಂಟು ಮಕ್ಕಳ ಪಟ್ಟಿಯಲ್ಲಿ ನಾಲ್ಕನೆಯವಳು ಫಾಂಗ್ ಶಿನ್‌ಯೀ. ಪೋಷಕರ ಜಾಗದಲ್ಲಿ: ಅಜ್ಜಿ, ಲುವೋ ಯೂನ್‌ಶ್ಯು.

ಬೇರೆಯವರ ಹಣೆಬರಹ ಹಣೆಯ ಮೇಲಿದ್ದರೆ ನಮ್ಮದು ತೋಳಿನ ಮೇಲಿತ್ತು, ನೆನಪಿದೆಯೇ? ಎರಡು ಗೀಟಿನ ಪಟ್ಟಿ ಕಟ್ಟಿಕೊಂಡು ನಾವಿಬ್ಬರೂ ತರಗತಿ ಆಳುತ್ತಿದ್ದೆವು. ಮೂರು ಗೀಟು ಇಡೀ ಶಾಲೆಗೆ ಒಬ್ಬರಿಗೇ. 1980ರಲ್ಲಿ ಅದಕ್ಕೆ ನಾವಿಬ್ಬರೇ ಸ್ಪರ್ಧಿಗಳು. ಗೆದ್ದವಳಿಗೆ ಪರೀಕ್ಷೆಯಿಲ್ಲದೆ ಊರಿನ ಒಳ್ಳೆಯ ಮಾಧ್ಯಮಿಕ ಶಾಲೆಯಲ್ಲಿ ಸೀಟು.

ನಾನು ಸ್ಕಾರ್ಫಿನ ತುದಿಯಲ್ಲಿ ಮೂಗು ಒರೆಸಿದರೆ ನೀನು, “ಲೇ, ಅದು ಹುತಾತ್ಮರ ರಕ್ತದಲ್ಲಿ ಅದ್ದಿದ ಬಟ್ಟೆ ಕಣೇ! ಪಾಪ, ಅವರಿಗೂ ನೆಗಡಿ ಹಿಡಿಸ್ತೀಯಲ್ಲೇ!” ಅನ್ನುತ್ತಿದ್ದೆ. ನೀನೇನು ಕಮ್ಮಿ? ಪಾಠದ ಹೊತ್ತಿನಲ್ಲಿ ನಿನ್ನ ಸ್ಕಾರ್ಫಿನ ಎಡಮೂಲೆಯನ್ನು ಕಚ್ಚಿ ಕಚ್ಚಿ ಇಲಿ ತಿಂದಂತೆ ಮಾಡಿದ್ದೆ.

ಆಯ್ಕೆಯ ಸೋಮವಾರ ನೀನು ನೆಲ ತೊಳೆಯಲೆಂದು ಅದನ್ನು ಬಿಚ್ಚಿ ಕಿಟಕಿಗೆ ನೇತುಹಾಕಿದ್ದೆ. ನನ್ನದು ಮನೆಯಲ್ಲಿ ಒಲೆಯ ಮೇಲೆ ಒಣಗುತ್ತಿತ್ತು. ಗಾಬರಿಯಲ್ಲಿ ನಿನ್ನದನ್ನೇ ಕಟ್ಟಿಕೊಂಡೆ. ಧ್ವಜ ಏರಿಸುವಾಗ ದಳದ ಮೇಷ್ಟ್ರು ಗುಡುಗಿದರು: “ಲುವೋ! ಕತ್ತು ಖಾಲಿ! ಎಲ್ಲಿ ಬಿಸಾಕಿ ಬಂದೆ?”

ನೀನು ನನ್ನ ಕೊರಳು ನೋಡಿದೆ. ಕಚ್ಚಿದ ಮೂಲೆಯನ್ನೂ ನೋಡಿದೆ. ಆಮೇಲೆ, “ಮನೇಲಿ ಮರ್ತು ಬಂದೆ ಸಾರ್” ಅಂದೆ.

ಸ್ಕಾರ್ಫ್ ಇಲ್ಲದವಳು ನಾಯಕಿಯಲ್ಲವೆಂದು ನಿನ್ನ ತೋಳಿನ ಪಟ್ಟಿ ಬಿಚ್ಚಲು ಅವರು ನನ್ನನ್ನೇ ಕರೆದರು. ನಾನು ಪಿನ್ನನ್ನು ಅವಸರದಲ್ಲಿ ಎಳೆದೆ. ನೀನು ಮೆಲ್ಲಗೆ, “ನಿಧಾನ ಕಣೇ, ಪಿನ್ನು ಚುಚ್ಕೋತೀಯ” ಅಂದೆ. ಅದಾದ ಮೇಲೆ ನನ್ನ ಜೊತೆ ಮಾತಾಡಲಿಲ್ಲ.

ನಾನು ಒಳ್ಳೆಯ ಶಾಲೆಗೆ ಹೋದೆ, ನೀನು ನೂಲಿನ ಗಿರಣಿಗೆ. ಗಿರಣಿ ಮುಚ್ಚಿದ ಸುದ್ದಿಯನ್ನು ನಾನು ಕಚೇರಿಯಲ್ಲಿ ಚಹಾ ಕುಡಿಯುತ್ತ ಪತ್ರಿಕೆಯಲ್ಲಿ ಓದಿದೆ. ಚಹಾ ಚೆನ್ನಾಗಿತ್ತು.

ಮೇಷ್ಟ್ರು “ಸಿದ್ಧರಾಗಿರಿ” ಅಂದಾಗಲೆಲ್ಲ ಕೈಯನ್ನು ತಲೆಗಿಂತ ಮೇಲೆತ್ತಿ “ಸದಾ ಸಿದ್ಧ!” ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನು. ಕ್ಷಮೆ ಕೇಳಲು ಸಿದ್ಧಳಾಗುವುದಕ್ಕೆ ನಲವತ್ತಮೂರು ವರ್ಷ ಹಿಡಿಯಿತು.

ನಿನ್ನ ಮೊಮ್ಮಗಳಿಗೆ ನಾನು ಕಟ್ಟಬಹುದೇ? ಬೇಡವೆಂದರೆ ಹೊಟ್ಟೆನೋವೆಂದು ತಪ್ಪಿಸಿಕೊಳ್ಳುತ್ತೇನೆ. ನೆಪ ಹೇಳುವುದರಲ್ಲಿ ನನಗೆ ಅಂದಿನಿಂದಲೂ ಮೂರು ಗೀಟು.

ಒಂದು ಕಾಲದಲ್ಲಿ ನಿನ್ನ ಬೆಂಚಿನಲ್ಲೇ ಕೂತಿದ್ದ,
ಪೇಯ್‌ಲಾನ್

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದೆ. ಆ ದಿನ ಒಲೆಯ ಮೇಲೆ ಏನೂ ಒಣಗುತ್ತಿರಲಿಲ್ಲ. ನನ್ನ ಸ್ಕಾರ್ಫ್, ನನ್ನ ಹೆಸರು ಬರೆದದ್ದು, ನನ್ನ ಚೀಲದಲ್ಲೇ ಇತ್ತು. ನಿನ್ನದು ಕಾಣೆಯಾಯಿತೆಂದು ಮೇಷ್ಟ್ರು ಚೀಲ ಹುಡುಕಿಸಿದರೆ ನನ್ನದೇ ಸಿಗಲಿ, ನಿನ್ನದು ನನ್ನ ಕೊರಳಲ್ಲಿದ್ದರೆ ಅಲ್ಲಿ ಯಾರೂ ಹುಡುಕುವುದಿಲ್ಲ ಎಂದು ಹನ್ನೆರಡನೇ ವಯಸ್ಸಿಗೇ ಯೋಚಿಸಿದ್ದೆ. ನಿನ್ನದನ್ನು ಇದರೊಳಗೆ ಇಟ್ಟಿದ್ದೇನೆ, ಮೂಲೆ ಹಾಗೇ ಇದೆ. ಇಷ್ಟು ಓದಿದ ಮೇಲೂ ಉತ್ತರ ಬರೆಯುವುದಾದರೆ ಬರೆ.