ಇನ್ನೂರ ಹನ್ನೆರಡನೇ ಕಾರ್ಡು

ಜುರಾಂಗ್ ಈಸ್ಟ್, ಸಿಂಗಪುರ
ಮಂಗಳವಾರ, ೧೧ ಮಾರ್ಚ್ ೨೦೨೫

ಪ್ರೀತಿಯ ಪುಟ್ಟಿ ಅನಘಾ,

ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಅಂತ ಶುರು ಮಾಡುವುದು ವಾಡಿಕೆ. ಈ ಸಲ ಎರಡರಲ್ಲಿ ಒಂದನ್ನೂ ಬರೆಯುವ ಧೈರ್ಯ ನನಗಿಲ್ಲ.

ಒಂದೇ ಸ್ಟೇಷನ್ ಆಚೆ ಕ್ಲೆಮೆಂಟಿಯಲ್ಲಿರುವ ಮಗಳಿಗೆ ಕಾಗದ ಬರೆಯುವ ಅಮ್ಮ ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ನಗಬೇಡ. ಫೋನ್ ಮಾಡಿದರೆ ಸ್ಪೀಕರ್‌ಗೆ ಹಾಕಿ ದೋಸೆ ಹುಯ್ಯುತ್ತೀಯ, ಮೆಸೇಜ್ ಮಾಡಿದರೆ ಅಪ್ಪನಿಗೆ ತೋರಿಸುತ್ತೀಯ. ಇದನ್ನು ನೀನೊಬ್ಬಳೇ ಓದಬೇಕು, ಅದೂ ನಿಧಾನವಾಗಿ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಭಾನುವಾರದ ಕ್ಲಾಸಿನಲ್ಲಿ ಕಲಿತ ಹಾಗೆ ಅಕ್ಷರ ಕೂಡಿಸಿ ಕೂಡಿಸಿ ಓದು, ಸಾಲು ಹಾರಿಸಬೇಡ. ನಾಳೆ ಸಂಜೆ ಜಯಾ ಆಂಟಿ ವೀಣೆ ಕ್ಲಾಸಿಗೆ ನಿಮ್ಮ ಕಡೆ ಬರುತ್ತಾರಲ್ಲ, ಅವರ ಕೈಯಲ್ಲಿ ಕಳಿಸುತ್ತೇನೆ. ನಿನ್ನ ಕೈಗೇ ಕೊಡಬೇಕು, ಬೇರೆ ಯಾರ ಕೈಗೂ ಬೇಡ ಎಂದು ಹೇಳಿದ್ದೇನೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಶುಕ್ರವಾರ ನಿಮ್ಮ ಪುಸ್ತಕ ಅಚ್ಚಿಗೆ ಹೋಗಬಾರದು. ಏನು ಸುಳ್ಳು ಹೇಳಿಯಾದರೂ ನಿಲ್ಲಿಸು. ಹೋದರೆ ನಿನ್ನ ಹೆಸರು ಏಳದ ಹಾಗೆ ಬೀಳುತ್ತದೆ. ಅದಕ್ಕೆ ಕಾರಣ ನಾನು.

ಹೋದ ವಾರ ನೀನು ಇಡೀ ಪುಸ್ತಕದ ಪ್ರೂಫ್ ಕಳಿಸಿ, ಅಮ್ಮಾ ನಿನ್ನ ಕಣ್ಣಿಗೆ ತಪ್ಪು ಬೇಗ ಬೀಳುತ್ತೆ, ಒಂದು ಸಲ ನೋಡಿಬಿಡು, ಅಪ್ಪನಿಗೆ ಮಾತ್ರ ಹೇಳಬೇಡ ಎಂದು ಬರೆದಿದ್ದೆ. ಪರದೆಯ ಮೇಲೆ ನನಗೆ ತಪ್ಪು ಕಾಣುವುದಿಲ್ಲ. ಮುನ್ನೂರ ಹನ್ನೆರಡು ಪುಟವನ್ನೂ ಕೆಳಗಿನ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. ಮೊದಲ ಪುಟದಲ್ಲಿ ನಿಮ್ಮಪ್ಪನ ಹೆಸರು, ಅದರ ಪಕ್ಕದಲ್ಲಿ ಅಷ್ಟೇ ದಪ್ಪ ಅಕ್ಷರದಲ್ಲಿ ನಿನ್ನದು. ಅದರ ಮೇಲೆ ಎಷ್ಟು ಸಲ ಬೆರಳಾಡಿಸಿದೆನೋ, ಇಂಕು ಸ್ವಲ್ಪ ಮಾಸಿದೆ. ಈ ಮನೆತನದಲ್ಲಿ ಪುಸ್ತಕದ ಮೇಲೆ ಹೆಸರು ಬಂದ ಮೊದಲ ಹೆಂಗಸು ನೀನು. ತುಂಬಾ ಖುಷಿಯಾಯಿತು ಪುಟ್ಟಿ. ಪುಟ ತಿರುಗಿಸಿದೆ. ಅಲ್ಲಿ ಆಗ್ನೆಸ್ ಟಾರೋ ಇದ್ದಳು. ಮುಂದಿನ ಪುಟದಲ್ಲೂ ಅವಳೇ. ಪುಸ್ತಕದ ತುಂಬಾ ಅವಳೇ. ಅಪ್ಪನ ಪುಸ್ತಕದ ಒಂದು ಅಧ್ಯಾಯದಲ್ಲಿದ್ದವಳನ್ನು ನೀನು ಬೆಳೆಸಿ ಮನೆ ಯಜಮಾನಿ ಮಾಡಿಬಿಟ್ಟಿದ್ದೀಯ.

ಹಳೆಯ ಲಂಡನ್ನಿನ ವಿಷಯ ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಒಂದು ಕಾಸು ಎರಡು ಕಾಸಿಗೆ ಮಾರುತ್ತಿದ್ದ ಲಾವಣಿ, ಕಥೆ, ಅಡುಗೆಯ ಪುಸ್ತಕಗಳು. ಹಾಳೆ ಮಡಿಸಿದವರು ಹೆಂಗಸರು, ಹೊಲಿದವರು ಹೆಂಗಸರು, ಬೀದಿಯಲ್ಲಿ ನಿಂತು ಕೂಗಿ ಮಾರಿದವರೂ ಅವರೇ. ಪುಟದ ಕೆಳಗೆ ಅಚ್ಚಾಗುತ್ತಿದ್ದದ್ದು ಮಾತ್ರ ಗಂಡನ ಹೆಸರು. ಗಂಡ ಸತ್ತ ಮೇಲೆ, ಇಂಥವನ ವಿಧವೆ ಅಚ್ಚು ಹಾಕಿದ್ದು ಎಂದು ಬರುತ್ತಿತ್ತು. ಬದುಕಿರುವ ಗಂಡನ ಹೆಂಡತಿಯನ್ನು ಹುಡುಕಬೇಕಾದರೆ ಅವನು ಸಾಯುವವರೆಗೆ ಕಾಯಬೇಕು. ಈ ಮಾತು ನಿಮ್ಮಪ್ಪನ ಮೊದಲ ಪುಸ್ತಕದ ಮೊದಲ ಪುಟದಲ್ಲಿದೆ, ನಿನಗೆ ಬಾಯಿಪಾಠವೂ ಇದೆ. ಅದನ್ನು ಬರೆದವಳು ನಾನು, ನೀನು ತೊಟ್ಟಿಲಲ್ಲಿದ್ದಾಗ.

ನನ್ನ ಕೆಲಸದ ರೀತಿ ನೀನೇ ನೋಡಿದ್ದೀಯ. ಒಬ್ಬ ಹೆಂಗಸಿಗೆ ಒಂದು ಕಾರ್ಡು. ಹೆಸರು, ಓಣಿ, ಇಸವಿ, ಅಚ್ಚು ಹಾಕಿದ ಪುಸ್ತಕ, ನಾನು ಅದನ್ನು ಎಲ್ಲಿ ನೋಡಿದೆ ಎನ್ನುವುದು. ಎಲ್ಲ ಬಾಟಾ ಚಪ್ಪಲಿಯ ಡಬ್ಬಗಳಲ್ಲಿ. ನಿಮ್ಮಪ್ಪ ಬೆಳಿಗ್ಗೆ ಒಂದು ಕಂತೆಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಎಂಆರ್‌ಟಿ ರೈಲಿನಲ್ಲಿ ಓದುತ್ತಾ ಹೋಗುತ್ತಿದ್ದರು, ಸಂಜೆ ತಂದಿಡುತ್ತಿದ್ದರು. ಆ ಕಾರ್ಡುಗಳೇ ಅಧ್ಯಾಯಗಳಾಗುತ್ತಿದ್ದವು. ಇದನ್ನು ಎಲ್ಲಿ ನೋಡಿದೆ, ಮೂಲ ತೋರಿಸು ಎಂದು ಒಂದು ದಿನವೂ ಕೇಳಿದವರಲ್ಲ. ಹೆಂಡತಿಯ ಮೇಲಿನ ನಂಬಿಕೆ ಎಂದು ಹೊರಗೆ ಹೇಳಿಕೊಳ್ಳುತ್ತಿದ್ದರು. ಆಗ ನಾನು ಡಿಪೆಂಡೆಂಟ್ ಪಾಸಿನಲ್ಲಿದ್ದೆ. ಈ ಊರಿನಲ್ಲಿ ನಾನು ಇದ್ದದ್ದೇ ಅವರ ಕೆಲಸದ ಬಾಲ ಹಿಡಿದುಕೊಂಡು. ಬಾಯಿ ಬಿಡುವುದು ಹೇಗೆ ಹೇಳು.

ಎರಡನೆಯ ಪುಸ್ತಕ ೨೦೧೧ರಲ್ಲಿ ಬಂತು. ಹೆಂಗಸರ ಹೆಸರುಗಳನ್ನು ಚರಿತ್ರೆ ನುಂಗಿಹಾಕಿತು ಎಂದು ಮುನ್ನೂರು ಪುಟ. ಕೊನೆಯಲ್ಲಿ ಕೃತಜ್ಞತೆ. ಹದಿನಾಲ್ಕು ಪ್ರೊಫೆಸರುಗಳಾದ ಮೇಲೆ, ಕಂಪ್ಯೂಟರ್ ರಿಪೇರಿ ಮಾಡಿಕೊಟ್ಟವರಿಗಿಂತ ಒಂದು ಸಾಲು ಮೇಲೆ, ಟೈಪ್ ಮಾಡಿಕೊಟ್ಟ ನನ್ನ ಪತ್ನಿಗೆ ಎಂದಿತ್ತು. ಹೆಸರಿರಲಿಲ್ಲ. ಕಂಪ್ಯೂಟರಿನವರ ಹೆಸರಿತ್ತು.

ಅವತ್ತು ಮಧ್ಯಾಹ್ನ ಇನ್ನೂರ ಹನ್ನೆರಡನೇ ಕಾರ್ಡು ಬರೆದೆ. ಆಗ್ನೆಸ್ ಟಾರೋ, ವಿಧವೆ. ಸೇತುವೆಯ ಬುಡದ ಓಣಿ. ೧೬೫೧ರಿಂದ ೧೬೬೮ರವರೆಗೆ ಲಾವಣಿ ಮತ್ತು ಅಡುಗೆ ಪುಸ್ತಕ. ನೋಡಿದ್ದು: ಖಾಸಗಿ ಸಂಗ್ರಹದಲ್ಲಿ, ಹರಿದ ಒಂದು ಹಾಳೆ.

ಅಂಥ ಹಾಳೆ ಇಲ್ಲ ಪುಟ್ಟಿ. ಆ ಸಂಗ್ರಹವೂ ಇಲ್ಲ. ಆಗ್ನೆಸ್ ಟಾರೋ ಎನ್ನುವವಳು ಹುಟ್ಟಿಯೇ ಇಲ್ಲ. ಕೆಳಗೆ ಗೆರೆ ಎಳೆದುಕೊಂಡು ಮತ್ತೆ ಓದು: ಅವಳನ್ನು ನಾನು ಅಡುಗೆಮನೆಯ ಮೇಜಿನ ಮುಂದೆ ಕೂತು ಕಟ್ಟಿದೆ.

ಈ ಸುಳ್ಳು ಸಿಕ್ಕಿಬೀಳಲಿ ಅಂತಲೇ ಕಾರ್ಡಿನ ಹಿಂದೆ ಇನ್ನೊಂದು ಸಾಲು ಸೇರಿಸಿದ್ದೆ. ಈಕೆ ಅಚ್ಚಿನ ಹಿತ್ತಾಳೆ ಪಟ್ಟಿಗಳನ್ನು ಪೂರ್ವದೇಶದಿಂದ ಬಂದ ಯಾವುದೋ ಹುಳಿಹಣ್ಣನ್ನು ನೆನೆಸಿ, ಕಿವುಚಿ, ಉಜ್ಜಿ ತೊಳೆಯುತ್ತಿದ್ದಳು ಎಂದು. ನಮ್ಮಮ್ಮ ಮೈಸೂರಿನಲ್ಲಿ ಶುಕ್ರವಾರ ದೀಪದ ಕಂಬ ತೊಳೆಯುತ್ತಿದ್ದ ಹಾಗೆಯೇ. ಓದಿದ ತಕ್ಷಣ ನಿಮ್ಮಪ್ಪ ನಗುತ್ತಾರೆ, ಏನೇ ಇದು ಹುಣಸೆಹಣ್ಣು ಎಂದು ಕೇಳುತ್ತಾರೆ, ನಾನೂ ನಗುತ್ತಾ ಆ ಕೃತಜ್ಞತೆಯ ಪುಟದ ವಿಷಯ ಎತ್ತುತ್ತೇನೆ, ಮುಂದಿನ ಸಲ ನನ್ನ ಹೆಸರು ಹಾಕುತ್ತಾರೆ. ನನಗೆ ಬೇಕಾಗಿದ್ದದ್ದು ಅಷ್ಟೇ. ಒಂದು ದಿನವಾದರೂ ಪೂಜೆ ಸಾಮಾನು ತೊಳೆದಿದ್ದ ಗಂಡಸಾಗಿದ್ದರೆ ಅವರಿಗೆ ಅನುಮಾನ ಬಂದೇ ಬರುತ್ತಿತ್ತು. ತೊಳೆದವರಲ್ಲ. ಅದರ ಮೇಲೆ ಎರಡು ಪುಟ ಬರೆದರು, ಲಂಡನ್ನಿನ ಬಡ ವಿಧವೆಯ ಕೈಗೂ ಪೂರ್ವದ ವ್ಯಾಪಾರ ಮುಟ್ಟಿತ್ತು ಎಂದು. ಆ ಎರಡು ಪುಟಕ್ಕೇ ಎಲ್ಲರೂ ಮರುಳಾದರು.

೨೦೧೪ರಲ್ಲಿ ಮೂರನೆಯ ಪುಸ್ತಕ ಬಂದಾಗ ರಾಫೆಲ್ಸ್ ಪ್ಲೇಸಿನ ದೊಡ್ಡ ಹಾಲಿನಲ್ಲಿ ಅವರ ಭಾಷಣವಿತ್ತು, ನೆನಪಿದೆಯಾ? ಕೊನೆಯಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಿನಗೆ ಹದಿನಾರು. ಆಗ್ನೆಸ್‌ಳ ಕಥೆ ಕೇಳಿ ಮುಂದಿನ ಸಾಲಿನಲ್ಲಿ ಕೂತು ಬಿಕ್ಕುತ್ತಿದ್ದೆ. ಟ್ಯಾಕ್ಸಿಯಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು, ದೊಡ್ಡವಳಾದ ಮೇಲೆ ನಾನೂ ಅವಳ ಬಗ್ಗೆಯೇ ಓದುತ್ತೇನೆ ಎಂದೆ. ಆಗಲೇ ಹೇಳಬೇಕಾಗಿತ್ತು. ನಿಮ್ಮಪ್ಪ ಮುಂದಿನ ಸೀಟಿನಲ್ಲಿದ್ದರು, ಡ್ರೈವರ್‌ಗೆ ದಾರಿ ಹೇಳುತ್ತಿದ್ದರು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಆಮೇಲೆ ಅದು ತಮಾಷೆಯಾಗಿ ಉಳಿಯಲಿಲ್ಲ. ಎಂದಾದರೂ ಒಂದು ದಿನ ಯಾರಾದರೂ ಆ ಹಾಳೆ ತೋರಿಸಿ ಎನ್ನುತ್ತಾರೆ, ಅವತ್ತು ಈ ಮನುಷ್ಯನ ಮುಖ ನೋಡಬೇಕು ಎಂದು ಕಾಯತೊಡಗಿದೆ. ನಾಲ್ಕು ವರ್ಷದ ಹಿಂದೆ ಬೇರೆ ಮನೆ ಮಾಡಿಕೊಂಡು ಇಲ್ಲಿಗೆ ಬಂದಾಗಲೂ ಆ ಆಸೆಯನ್ನು ಜೊತೆಯಲ್ಲೇ ತಂದುಕೊಂಡೆ. ಕಾರ್ಡಿನ ಡಬ್ಬವನ್ನೂ ತಂದೆ.

ಆ ದಿನ ಈಗ ಬಂದಿದೆ. ಜನವರಿಯಲ್ಲಿ ಇಂಗ್ಲೆಂಡಿನ ಒಬ್ಬ ಗ್ರಂಥಪಾಲಕಿಯ ಮೇಲ್ ಬಂತು. ತುಂಬಾ ಮರ್ಯಾದೆಯ, ಉದ್ದನೆಯ ಮೇಲ್. ಟಾರೋ ಅವರ ಹಾಳೆ ಯಾವ ಸಂಗ್ರಹದಲ್ಲಿದೆ ಎಂದು ತಿಳಿಸಬಹುದೇ ಎಂದು ಕೇಳಿದ್ದರು. ನಾನು ಉತ್ತರ ಕೊಡಲಿಲ್ಲ. ಫೆಬ್ರವರಿಯಲ್ಲಿ ಬಂದದ್ದು ನಾಲ್ಕೇ ಸಾಲು. ಮೊನ್ನೆ ಬಂದದ್ದು ಒಂದು ಸಾಲು: ಗುರುವಾರ ಸಿಂಗಪುರದಲ್ಲಿರುತ್ತೇನೆ, ಭೇಟಿಯಾಗೋಣ. ನನ್ನ ವಿಳಾಸ ಎಲ್ಲಿ ಸಿಕ್ಕಿತು ಎಂದು ನೋಡಿದರೆ, ಮೂಲ ಕಾರ್ಡು ಬರೆದವರು ಇವರು ಎಂದು ನಿಮ್ಮಪ್ಪನೇ ಕೊಟ್ಟಿದ್ದಾರೆ. ಕಷ್ಟ ಬಂದ ತಕ್ಷಣ ನನ್ನ ಹೆಸರನ್ನು ಇನಿಷಿಯಲ್ ಸಮೇತ ಸರಿಯಾಗಿ ಬರೆದುಕೊಟ್ಟಿದ್ದಾರೆ ನೋಡು.

ಅವರಿಗೆ ಏನಾದರೂ ಆಗಲಿ. ನನಗೆ ನಿನ್ನ ಚಿಂತೆ. ಶುಕ್ರವಾರ ಅಚ್ಚಾದ ಮೇಲೆ ಆ ಹೆಂಗಸು ಬಾಯಿ ಬಿಟ್ಟರೆ ಜನ ಹಳೆಯ ಪುಸ್ತಕ ಬಿಟ್ಟು ಹೊಸದನ್ನು ಹಿಡಿಯುತ್ತಾರೆ. ಅಪ್ಪ ರಿಟೈರ್ ಆಗುವವರು. ನಿನಗಿನ್ನೂ ಇಪ್ಪತ್ತೇಳು. ನಿನ್ನ ಡಾಕ್ಟರೇಟ್, ಜುಲೈನಿಂದ ಸೇರಬೇಕಾದ ಕೆಲಸ, ಯಾವುದೂ ಉಳಿಯುವುದಿಲ್ಲ.

ಇಷ್ಟು ಹೇಳಿದವಳು ಇನ್ನೊಂದು ಮಾತನ್ನು ಬಚ್ಚಿಡುವುದು ಸರಿಯಲ್ಲ. ನೀನು ಆಗ್ನೆಸ್‌ಳ ಮೇಲೆ ರಿಸರ್ಚ್ ಶುರು ಮಾಡುತ್ತೇನೆ ಎಂದು ಹೇಳಿದ್ದು ನಾನು ಮನೆ ಬಿಟ್ಟ ತಿಂಗಳು. ಅವತ್ತೇ ಹೇಳಿದ್ದರೆ ನಿನಗೆ ಒಂದು ವಾರದ ಬೇಜಾರು, ಅಷ್ಟೇ. ಹೇಳಲಿಲ್ಲ. ನೀನು ಅಪ್ಪನ ಜೊತೆ ಇರುತ್ತೇನೆ ಎಂದಿದ್ದೆ. ನನ್ನ ಸೂಟ್‌ಕೇಸ್ ಲಿಫ್ಟಿನವರೆಗೆ ತಂದುಕೊಟ್ಟು ಒಳಗೆ ಹೋದೆ. ನನಗೆ ನಿನ್ನ ಮೇಲೂ ಸಿಟ್ಟು ಬಂತು ಪುಟ್ಟಿ. ಅಪ್ಪ ಮಗಳು ಇಬ್ಬರೂ ಅನುಭವಿಸಲಿ ಅನ್ನಿಸಿತು. ಹೆತ್ತ ಮಗಳ ಬಗ್ಗೆ ಒಬ್ಬ ತಾಯಿ ಹೀಗೆ ಯೋಚಿಸಿದಳು ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಆದರೆ ಯೋಚಿಸಿದ್ದು ನಿಜ. ಒಂದು ದಿನವಲ್ಲ, ಒಂದು ವರ್ಷಕ್ಕೂ ಹೆಚ್ಚು ಕಾಲ. ಸಿಟ್ಟು ಇಳಿದ ಹೊತ್ತಿಗೆ ನೀನು ನಾಲ್ಕು ಅಧ್ಯಾಯ ಬರೆದು ಮುಗಿಸಿದ್ದೆ, ಆಮೇಲೆ ನನಗೆ ಭಯವಾಯಿತು.

ಈಗ ಮಾಡಬೇಕಾದದ್ದು ಇಷ್ಟು. ಈ ಕಾಗದ ಓದಿದ ತಕ್ಷಣ ಪ್ರಕಾಶಕರಿಗೆ ಫೋನ್ ಮಾಡಿ, ಒಂದು ಮೂಲದ ಬಗ್ಗೆ ಅನುಮಾನ ಬಂದಿದೆ, ನಿಲ್ಲಿಸಿ ಎಂದು ಹೇಳು. ಅಪ್ಪ ಕೂಗಾಡುತ್ತಾರೆ, ಕೂಗಾಡಲಿ. ಗುರುವಾರ ನಾನು ಆ ಹೆಂಗಸನ್ನು ಭೇಟಿಯಾಗಿ ಕಾರ್ಡು ಕೈಗಿಟ್ಟು ಎಲ್ಲ ಹೇಳುತ್ತೇನೆ. ಕಟ್ಟಿದವಳು ನಾನು, ನೋಡದೆ ಬಳಸಿದವರು ಅವರು, ಮಗಳಿಗೆ ಏನೂ ಗೊತ್ತಿರಲಿಲ್ಲ ಎಂದು ಬರೆದು ಸಹಿ ಹಾಕಿಕೊಡುತ್ತೇನೆ. ನೀನು ಮೋಸಹೋದವಳು, ಮೋಸ ಮಾಡಿದವಳಲ್ಲ. ಇದನ್ನು ಯಾರ ಮುಂದೆ ಬೇಕಾದರೂ ತಲೆಯೆತ್ತಿ ಹೇಳಬಹುದು.

ಸಿಟ್ಟು ಮಾಡಿಕೋ. ಮಾತು ಬಿಡು. ಆದರೆ ಫೋನ್ ಮಾಡಿ ನಿಲ್ಲಿಸಿದ ಮೇಲೆ ಬಿಡು.

ನಿನ್ನ ತಪ್ಪು ತಿದ್ದುತ್ತಿದ್ದ, ತನ್ನದನ್ನು ತಿದ್ದದ,
ಅಮ್ಮ
(ಮೈಥಿಲಿ)

ತಾ.ಕ. ಬುಧವಾರ ಮಧ್ಯಾಹ್ನ. ಕಾಗದ ಮಡಿಸಿಟ್ಟಿದ್ದೆ. ಜಯಾ ಆಂಟಿ ಬರುವುದಕ್ಕೆ ಇನ್ನೂ ಹೊತ್ತಿತ್ತು, ನಾನು ಓದದೆ ಬಿಟ್ಟಿದ್ದ ಕೊನೆಯ ಅಧ್ಯಾಯ ತೆಗೆದೆ. ಇನ್ನೂರ ಎಂಬತ್ತೆಂಟನೇ ಪುಟದಲ್ಲಿ ನೀನು ಒಂದು ಫೋಟೋ ಹಾಕಿದ್ದೀಯ. ನವೆಂಬರ್‌ನಲ್ಲಿ ಲಂಡನ್ನಿಗೆ ಹೋಗಿದ್ದಾಗ ಚರ್ಚಿನ ಹಳೆಯ ದಾಖಲೆಯಲ್ಲಿ ಆಗ್ನೆಸ್ ಟಾರೋಳ ಸಹಿ ನಿನಗೆ ಸಿಕ್ಕಿತು ಎಂದು ಬರೆದಿದ್ದೀಯ. ಕಂದು ಇಂಕು, ನಡುಗುವ ಕೈ.

ಹುಟ್ಟದವಳು ಸಹಿ ಹಾಕುವುದಿಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ಆ ದೊಡ್ಡ A ಅಕ್ಷರದ ಅಡ್ಡಗೆರೆ ಎಡಗಡೆ ಕೆಳಕ್ಕೆ ಜಾರಿ, ಕಾಲು ದಾಟಿ ಹೊರಗೆ ಬಂದಿದೆ. ಪ್ರೈಮರಿ ಒನ್‌ನಲ್ಲಿ ನಿನ್ನ ಹೆಸರು ಬರೆಯುವಾಗ ಅದನ್ನೇ ನಾನು ಕೆಂಪು ಪೆನ್ನಿನಲ್ಲಿ ಎಷ್ಟು ಸಲ ತಿದ್ದಿದ್ದೆ. ನೀನು ಬಿಡಲೇ ಇಲ್ಲ.

ಅವಳು ಇಲ್ಲ ಎನ್ನುವುದು ನಿನಗೆ ಯಾವಾಗ ಗೊತ್ತಾಯಿತು, ಅಪ್ಪನಿಗೂ ಗೊತ್ತಾ, ನಾನು ಕೇಳುವುದಿಲ್ಲ. ನಿನ್ನೆ ಬರೆದದ್ದರಲ್ಲಿ ಒಂದು ಮಾತು ಬದಲಾಯಿಸು. ಲಂಡನ್ನಿನ ಫೋಟೋ ಅಮ್ಮ ಕೊಟ್ಟದ್ದು, ನಾನು ನಂಬಿ ಹಾಕಿದೆ ಎಂದು ಹೇಳು. ಆ ಸಹಿ ಹಾಕಿದವಳೂ ನಾನೇ ಎನ್ನುತ್ತೇನೆ. ಗುರುವಾರ ಆ ಹೆಂಗಸು ಹೇಗೆ ಬರೆದಿರಿ ತೋರಿಸಿ ಎಂದರೆ ತೋರಿಸಬೇಕಲ್ಲ, ಅದಕ್ಕೆ ಆ A ಬರೆಯುತ್ತಾ ಕೂತಿದ್ದೇನೆ. ಒಂದು ಹಾಳೆ ತುಂಬಿತು. ಇನ್ನೂ ನಿನ್ನ ಹಾಗೆ ಬಂದಿಲ್ಲ.