ಹಂಡೆ ಕಾಯಿಸಿಡಿ, ಕೂಸು ಕೊಡಬೇಡಿ

ಧಾರವಾಡ, ಗುರುವಾರ

ಅತ್ತೆಮ್ಮ, ನಿಮ್ಮ ಸೊಸೆ ಚೆನ್ನಾಗಿದ್ದಾಳೆ, ಡೈರಿ ತರಬೇತಿಯೂ ಚೆನ್ನಾಗಿದೆ. ಬಂದ ಮರುದಿನ ಲಾಡ್ಜಿನಲ್ಲಿ ಎದ್ದರೆ ಕೈತುಂಬ ಕೆಂಪು ಗುಳ್ಳೆ! ಅಮ್ಮ ಆಯಿತೆಂದು ಹೆದರಿ, ಬೇವಿನಸೊಪ್ಪು ಹಾಸಿಕೊಂಡು, ಬರೀ ಮೊಸರನ್ನ ತಿಂದು ಅದೇ ಹಾಸಿಗೆಯಲ್ಲಿ ಎರಡು ದಿನ ಮಲಗಿದೆ. ಗುಳ್ಳೆ ಇನ್ನೂ ಹೆಚ್ಚಾದವು. ಜೊತೆಗೆ ಬಂದ ಶ್ವೇತ ಹಾಸಿಗೆಯ ಅಂಚು ಎತ್ತಿ ನೋಡಿ, "ಅಮ್ಮ ಅಲ್ಲ ಕಣಕ್ಕ, ತಿಗಣೆ!" ಅಂತ ನಕ್ಕಳು. ಕೋಣೆ ಬದಲಾಯಿಸಿದ್ದೇವೆ, ಮುಲಾಮಿಗೆ ತುರಿಕೆ ಇಳಿದಿದೆ.

ಮುಂದಿನ ಬುಧವಾರ ಕೃಷ್ಣರಾಜಪೇಟೆಯಲ್ಲಿ ಬಸ್ಸಿಳಿದು ಬರುತ್ತೇನೆ. ಹಿತ್ತಲಲ್ಲಿ ಹಂಡೆ ಕಾಯಿಸಿಡಿ. ಸಾವಿನ ಮನೆಯಿಂದ ಬಂದವರ ಹಾಗೆ ಮಿಂದು, ಬಟ್ಟೆ ಬೇಯಿಸಿಯೇ ಒಳಗೆ ಕಾಲಿಡುತ್ತೇನೆ. ಪಕ್ಕದ ಮಾಯಮ್ಮ "ಯಾರವ್ವ ತೀರ್ಕಂಡ್ರು?" ಅಂದರೆ ತಿಗಣೆಗಳು ಅನ್ನಿ. ಅಲ್ಲಿಯವರೆಗೆ ಕೂಸನ್ನು ನನ್ನ ಕೈಗೆ ಕೊಡಬೇಡಿ. ಅದು ಅತ್ತರೂ ಕೊಡಬೇಡಿ, ನಾನು ಅತ್ತರೂ ಕೊಡಬೇಡಿ.

ಪವಿತ್ರ