ಖಾಲಿ ಬಂದ ಕೇಕ್ ತಟ್ಟೆ

ಹಿಕರಿ ಗ್ಯಾಪ್, ಅಲಬಾಮಾ
ಮಾರ್ಚ್ 14, 2006

ನನ್ನ ಪ್ರೀತಿಯ ವರ್ನೆಲ್ ಅಕ್ಕ,

'ಪ್ರೀತಿಯ' ಅಂತ ಬರೆಯೋಕೆ ಯಾವ ಮುಖ ಇದೆಯೇ ನಿನಗೆ ಎಂದು ನೀನು ಕೇಳುತ್ತೀಯೆ, ಗೊತ್ತು. ಮುಖ ಇಲ್ಲ. ಅದಕ್ಕೇ ಎದುರಿಗೆ ಬಾರದೆ ಕಾಗದ ಬರೆಯುತ್ತಿದ್ದೇನೆ. ಹರಿದು ಹಾಕುವುದಿದ್ದರೆ ಪೂರ್ತಿ ಓದಿ ಹರಿ.

ಭಾನುವಾರ ಚರ್ಚಿನಿಂದ ಬಂದಾಗ ಜಗಲಿಯ ಕುರ್ಚಿಯ ಮೇಲೆ ನನ್ನ ನೀಲಿ ಹೂವಿನ ಕೇಕ್ ತಟ್ಟೆ ಇತ್ತು. ನೀನು ತೊಳೆದು ಒರೆಸಿ ಇಟ್ಟಿದ್ದೆ. ಖಾಲಿ. ಇಷ್ಟು ವರ್ಷದಲ್ಲಿ ನಿನ್ನ ಮನೆಯಿಂದ ನನ್ನ ಪಾತ್ರೆ ಬರಿದಾಗಿ ಬಂದದ್ದೇ ಇಲ್ಲ. ಏನೂ ಇಲ್ಲದಿದ್ದರೆ ಹಿತ್ತಲಿನ ಒಂದು ಹಿಡಿ ಬೆಂಡೆಕಾಯಾದರೂ ಇರುತ್ತಿತ್ತು. "ಬರಿ ಪಾತ್ರೆ ವಾಪಸ್ ಕೊಟ್ರೆ ನಮ್ಮಮ್ಮ ಗೋರಿಯಿಂದ ಎದ್ದು ಬಂದು ಕಿವಿ ಹಿಂಡ್ತಾಳೆ ಕಣೆ" ಎನ್ನುತ್ತಿದ್ದವಳು ನೀನು. ಕಳೆದ ಮೇ ತಿಂಗಳಲ್ಲಿ ನಿನ್ನ ಬೀಳ್ಕೊಡುಗೆಯ ಕೇಕಿನ ಜೊತೆ ಹೋದ ತಟ್ಟೆಯನ್ನು ನೀನು "ಪೀಚ್ ಹಣ್ಣು ಬರಲಿ, ತುಂಬಿಸಿ ಕೊಡ್ತೀನಿ" ಎಂದು ಇಟ್ಟುಕೊಂಡಿದ್ದೆ. ನನ್ನ ಗಂಡ ಡಾರಲ್ ಅದನ್ನು ನೋಡಿ, "ಏನೇ ಮಾಡ್ಕೊಂಡ್ರಿ ಇಬ್ಬರೂ?" ಎಂದ. ಅವಳು ಮರೆತಿರಬೇಕು ಎಂದೆ. ನೀನು ಮರೆಯುವವಳೇ!

ನಿನ್ನ ಭತ್ಯೆಯ ಮನವಿಯ ಮೇಲೆ ಗುರುವಾರ ಫೋನಿನಲ್ಲಿ ನಡೆದ ವಿಚಾರಣೆಯಲ್ಲಿ ನಾನು ಆಡಿದ್ದು ಎರಡೇ ಮಾತು. ನುಂಗಿದ್ದು ಮಾತ್ರ ಬಹಳ. ಫೋನಿನ ಆ ತುದಿಯಿಂದ ಅಧಿಕಾರಿ, "ವರ್ನೆಲ್ ತಾನಾಗೇ ಕೆಲಸ ಬಿಟ್ಟಿದ್ದಾ?" ಎಂದು ಕೇಳಿದ. ನಮ್ಮ ಕಾಲುಚೀಲದ ಗಿರಣಿಯವರು ಅವನಿಗೆ ನಿನ್ನ ಕೇಕಿನ ಫೋಟೋ ಕೊಟ್ಟಿದ್ದರು. 'ಸುಖ ನಿವೃತ್ತಿ ವರ್ನೆಲ್' ಎಂಬ ಗುಲಾಬಿ ಅಕ್ಷರ ಅದರಲ್ಲಿ ಎದ್ದು ಕಾಣುತ್ತಿತ್ತಂತೆ. ನಾನು, "ಹೌದು ಸಾರ್, ಕೇಕ್ ನಾನೇ ಮಾಡಿದ್ದು" ಎಂದೆ. ಅಷ್ಟೇ. ನೀನೂ ಅದೇ ಫೋನಿನಲ್ಲಿದ್ದೆ. ನಿನ್ನ ಅಡುಗೆಮನೆಯ ಗಡಿಯಾರದ ಸದ್ದು ಕೇಳುತ್ತಿತ್ತು. 'ಅಲ್ಲವೇ ಲೊರೀನ್, ಅವತ್ತು ಚೀಟಿಯಲ್ಲಿ ಇದ್ದದ್ದು ಯಾರ ಹೆಸರೇ?' ಎಂದು ನೀನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ನಾನೇ ಹೇಳಲಿ ಎಂದು ನೀನು ಕಾದೆ.

ನನ್ನ ಹೆಸರಿತ್ತು. ಕಾಲುಚೀಲದ ತುದಿ ಹೊಲಿಯುವ ನಮ್ಮ ಸಾಲಿನಲ್ಲಿ ನಾನೇ ಕಿರಿಯಳು. ಕೆಲಸ ಕಡಿಮೆಯಾಗಿದೆ, ಒಬ್ಬರನ್ನು ಕಳಿಸಬೇಕು ಎಂದು ಮೇಸ್ತ್ರಿ ಹೋಬರ್ಟ್ ಚೀಟಿ ಹಿಡಿದು ನನ್ನ ಯಂತ್ರದ ಬಳಿ ನಿಂತ. ಮಗಳು ಕಾಸಿಗೆ ಉಬ್ಬಸ, ಡಾರಲ್‌ಗೆ ಬೆನ್ನು ಮುರಿದಿತ್ತು, ವಿಮೆ ನನ್ನ ಕೆಲಸದ ಮೇಲೆಯೇ ನಿಂತಿತ್ತು. ನನಗೆ ಅಳು ಬರುವ ಮೊದಲೇ ನೀನು ಕೂದಲಿಗಂಟಿದ ಹತ್ತಿ ನವಿರು ಕೊಡವಿಕೊಂಡು ಎದ್ದೆ. "ಆ ಮಗೂ ಹೊಟ್ಟೆ ಮೇಲೆ ಯಾಕೋ ಹೊಡೀತೀಯ? ನನ್ನ ಹೆಸರು ಹಾಕ್ಕೋ" ಎಂದೆ. ಅವನು ಸರಿ ಎಂದ. ಅವನಿಗೆ ಬೇಕಿದ್ದದ್ದು ಒಂದು ತಲೆ.

ನಮ್ಮ ಗಿರಣಿಯ ಪದ್ಧತಿ ನಿನಗೆ ಗೊತ್ತಲ್ಲ. ಕೆಲಸದಿಂದ ತೆಗೆದವರು ರಟ್ಟಿನ ಡಬ್ಬ ಹಿಡಿದು ಹಿಂಬಾಗಿಲಲ್ಲಿ ಹೋಗಬೇಕು. ವಯಸ್ಸಾಗಿ ಹೋಗುವವರಿಗೆ ಎಲ್ಲರೂ ಒಂದೊಂದು ಅಡುಗೆ ತಂದು ಊಟ ಹಾಕಿ, ಕೇಕ್ ಕತ್ತರಿಸುತ್ತಾರೆ. "ಡಬ್ಬ ಹಿಡಿಯೋಳಲ್ಲ ನಾನು. ಕೇಕ್ ತಿಂದು ಮುಂಬಾಗಿಲಲ್ಲಿ ಹೋಗ್ತೀನಿ" ಎಂದೆ ನೀನು. ನಿನ್ನ ಸ್ವಾಭಿಮಾನಕ್ಕೆ ಒಂದು ಕೇಕ್ ತಾನೇ ಎಂದು ನಾವೆಲ್ಲ ನಕ್ಕೆವು. ಅದೇ ಕೇಕ್ ನಿನ್ನ ಕುತ್ತಿಗೆಗೆ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು? ಆ ಅಕ್ಷರಗಳನ್ನು ಹೋಬರ್ಟ್ ಬರೆಸಿದ ಎಂದು ನಾನು ಅವತ್ತೇ ನಿನಗೆ ಹೇಳಿದ್ದೆ.

ಅಕ್ಟೋಬರಿನಲ್ಲಿ ಗಿರಣಿಯೇ ಮುಚ್ಚಿತು. ಯಂತ್ರಗಳು ಹೊಂಡುರಾಸಿಗೆ ಹೋದವು. ಪರದೇಶದ ಸರಕಿನಿಂದ ಕೆಲಸ ಕಳೆದುಕೊಂಡವರಿಗೆ ಸರ್ಕಾರ ಓದಿಸುತ್ತದೆ, ಓದುವಷ್ಟು ದಿನ ಭತ್ಯೆ, ವಿಮೆಗೆ ನೆರವು ಕೊಡುತ್ತದೆ ಎಂದರು. ನಮಗೆಲ್ಲ ಸಿಕ್ಕಿತು. ನಿನಗೆ ಮಾತ್ರ, ತಾನಾಗಿ ಬಿಟ್ಟವಳು ಅರ್ಹಳಲ್ಲ ಎಂದರು. ನನ್ನ ಬದಲು ಹೋದವಳಿಗೆ ಏನೂ ಇಲ್ಲ. ನಾನು ದಾದಿ ತರಬೇತಿಗೆ ಸೇರಿದೆ.

ಯಾಕೆ ಬಾಯಿ ಮುಚ್ಚಿಕೊಂಡೆ ಎಂದರೆ, ಹೆದರಿಕೆ ಅಕ್ಕ. ವಿಚಾರಣೆಯ ಹಿಂದಿನ ದಿನ ಪೆಟ್ರೋಲ್ ಬಂಕಿನಲ್ಲಿ ಹೋಬರ್ಟ್ ಸಿಕ್ಕಿದ್ದ. "ಯಾರ ಹೆಸರು ಎಲ್ಲಿತ್ತು ಅಂತ ಕೆದಕಿದ್ರೆ ನಿನ್ನ ಫೈಲೂ ತೆಗೀತಾರೆ ನೋಡು. ಆಮೇಲೆ ನಿನ್ನ ಸ್ಕೂಲು ಗೋವಿಂದ" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು. ನಂಬಿಬಿಟ್ಟೆ.

ನಿನ್ನೆ ತರಗತಿಯಲ್ಲಿ ಇನ್ಸುಲಿನ್ ಚುಚ್ಚುವುದನ್ನು ಕಲಿಸಿದರು. ಮೊದಲು ಕಿತ್ತಳೆ ಹಣ್ಣಿಗೆ ಚುಚ್ಚಬೇಕು. ಸೂಜಿಗೆ ಮದ್ದು ಎಳೆದುಕೊಳ್ಳುವಾಗ ಫೆಬ್ರವರಿಯಲ್ಲಿ ನಿನ್ನ ಫ್ರಿಜ್ಜಿನಲ್ಲಿ ಕಂಡ ನಿನ್ನ ಇನ್ಸುಲಿನ್ ಸೀಸೆ ಕಣ್ಣಿಗೆ ಕಟ್ಟಿತು. ವಿಮೆ ಇಲ್ಲದೆ ನೀನು ಅರ್ಧರ್ಧ ಮದ್ದು ತೆಗೆದುಕೊಂಡು ದಿನ ತಳ್ಳುತ್ತಿದ್ದೆ. ನಾನು ಗದರಿದರೆ, "ಅರ್ಧ ಚುಚ್ಕೊಂಡ್ರೆ ಅರ್ಧ ಸಾಯ್ತೀನೇನೇ? ಬಾಗಿಲು ಮುಚ್ಚು, ತಣ್ಣಗಿರೋದೆಲ್ಲ ಹೋಗುತ್ತೆ" ಎಂದು ನಕ್ಕಿದ್ದೆ. ನಿನಗೆ ಸಿಗಬೇಕಾದ ಮದ್ದನ್ನು ನಿನ್ನ ಕೈಯಿಂದ ಕಿತ್ತು ನಾನು ಕಿತ್ತಳೆಗೆ ಚುಚ್ಚುತ್ತಿದ್ದೇನೆ ಅನಿಸಿತು. ಸೂಜಿ ಅಲ್ಲೇ ಇಟ್ಟು ಹೊರಗೆ ಬಂದು ಅತ್ತೆ.

ಇವತ್ತು ಬೆಳಿಗ್ಗೆ ಭತ್ಯೆಯ ಕಚೇರಿಗೆ ಹೋಗಿ ಪ್ರಮಾಣ ಮಾಡಿ ಎಲ್ಲ ಹೇಳಿ ಬಂದೆ. ಚೀಟಿಯಲ್ಲಿದ್ದದ್ದು ನನ್ನ ಹೆಸರು, ಕೆಲಸವಿಲ್ಲವೆಂದೇ ಒಬ್ಬರನ್ನು ಕಳಿಸಿದ್ದು, ನೀನು ನನಗಾಗಿ ಎದ್ದು ಹೋದದ್ದು. ನನ್ನ ಓದು ಹೋಗುತ್ತದಾ ಎಂದೂ ಕೇಳಿದೆ. ಅಲ್ಲಿನ ಹೆಂಗಸು ಕನ್ನಡಕದ ಮೇಲಿಂದ ನೋಡಿ, "ನಿನ್ನದಕ್ಕೆ ಏನೂ ಆಗಲ್ಲಮ್ಮ. ಇದನ್ನ ಗುರುವಾರವೇ ಹೇಳೋಕೆ ಏನಾಗಿತ್ತು ನಿಂಗೆ?" ಎಂದಳು. ಏನೂ ಆಗಿರಲಿಲ್ಲ ಅಕ್ಕ. ಇಲ್ಲದ ಭೂತಕ್ಕೆ ಹೆದರಿ ನಿನ್ನನ್ನು ಬಲಿ ಕೊಟ್ಟೆ.

ಮತ್ತೆ ವಿಚಾರಣೆ ಮಾಡುತ್ತಾರಂತೆ. ನಿನ್ನ ಕಡೆಗೇ ಆಗುತ್ತದೆ ಎಂದು ಆಕೆ ಮಾತು ಕೊಡಲಿಲ್ಲ. ಆ ಕೇಕಿನ ಫೋಟೋ ಇನ್ನೂ ಅವರ ಬಳಿಯೇ ಇದೆ. ನೀನು ಫೋನ್ ಎತ್ತು, ಅಷ್ಟು ಸಾಕು. ಈ ಸಲ ನೀನು ಕಾಯಬೇಕಾಗಿಲ್ಲ, ಮೊದಲು ನಾನೇ ಮಾತಾಡುತ್ತೇನೆ.

ತಟ್ಟೆಯನ್ನು ಮತ್ತೆ ನಿನ್ನ ಜಗಲಿಯಲ್ಲೇ ಇಡುತ್ತಿದ್ದೇನೆ. ಒಣಸೇಬಿನ ಹೂರಣದ ಕರಿದ ಕಡುಬು ಇದೆ, ಸಕ್ಕರೆ ಹಾಕಿಲ್ಲ. ತಿನ್ನದಿದ್ದರೆ ನಾಯಿಗೆ ಹಾಕು, ತಟ್ಟೆ ಮಾತ್ರ ಇನ್ನೊಮ್ಮೆ ಬರಿದು ಕಳಿಸಬೇಡ.

ನೀನು ಸಾಕಿದ, ನಿನ್ನನ್ನೇ ಕಚ್ಚಿದ,
ಲೊರೀನ್

ಮರೆತಿದ್ದು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಕೇಕಿನ ಮೇಲೆ ಬರೆಯಲು ಹೋಬರ್ಟ್ ಏನೂ ಹೇಳಿರಲಿಲ್ಲ. ನೀನು "ಬರೀ ನನ್ನ ಹೆಸರು ಸಾಕು" ಎಂದಿದ್ದೆ. 'ಸುಖ ನಿವೃತ್ತಿ' ಎಂದು ಸೇರಿಸಿದವಳು ನಾನೇ. ನೀನಾಗಿಯೇ ಹೋದೆ ಎಂದಾದರೆ ಮರುದಿನ ನಿನ್ನ ಖಾಲಿ ಸ್ಟೂಲಿನ ಪಕ್ಕ ಕೂರುವುದು ಸುಲಭವಾಗುತ್ತದೆ ಅನಿಸಿತ್ತು. ಇದನ್ನೂ ಹೇಳಿಕೆಯಲ್ಲಿ ಬರೆಸಿದ್ದೇನೆ. ಅವತ್ತು ನೀನು ಅದನ್ನು ಓದಿ, ಮೊದಲ ತುಂಡು ನನಗೇ ಕೊಟ್ಟೆ.